ಕಾಲಿದ್ದಷ್ಟು ಕುರ್ಚಿ

ಬಸ್ತಿಹಳ್ಳಿ, ಹಳೇಬೀಡು, ಅತ್ತ ಜಾವಗಲ್ಲು, ಬೇಲೂರು ಕಡೆಯಿಂದ ಓದು ಮುಗಿಸಿ ಕಂಪ್ಯೂಟರಿನ ಮುಂದೆ ಕೆಲಸಕ್ಕೆ ಕೂರುವ ಮಕ್ಕಳೇ, ನಿಮಗೊಂದು ಕಿವಿಮಾತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೂತು ದುಡಿಯುವ ಮೊದಲ ತಲೆಮಾರು ನೀವೇ. ನಿಮ್ಮ ಅಜ್ಜ ಸಂತೆಯಲ್ಲಿ ಗುದ್ದಲಿ ಕೊಳ್ಳುವಾಗ ಕಾವು ಕೈಗೆ ಒಗ್ಗುತ್ತದೆಯೇ ಎಂದು ನಾಲ್ಕು ಸಲ ಬೀಸಿ ನೋಡಿ ತರುತ್ತಿದ್ದ. ನೀವು ದಿನಕ್ಕೆ ಎಂಟು ಗಂಟೆ ಮೈ ಊರುವ ಕುರ್ಚಿಯನ್ನು ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿಬಿಡುತ್ತೀರಿ. ಇದು ನನಗೆ ಸರಿ ಕಾಣುವುದಿಲ್ಲ.

2020ರಲ್ಲಿ ಕೊರೊನಾ ಬಂದು ಕಚೇರಿಗಳು ಮನೆಗೇ ಬಂದಾಗ ಊರಿನ ಮಕ್ಕಳೆಲ್ಲ ಹಿಂದಿರುಗಿದರು. ಯಾರ ಮನೆಗೆ ಹೋದರೂ ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ, ಬೆನ್ನಿಗೊಂದು ದಿಂಬು, ತೊಡೆಯ ಮೇಲೆ ಲ್ಯಾಪ್‌ಟಾಪು. ಇಪ್ಪತ್ತೈದು ದಾಟದ ಹುಡುಗಿ ಸೊಂಟ ಹಿಡಿದುಕೊಂಡು ಏಳುವುದನ್ನು ಆಗ ಕಂಡೆ. ನಾಟಿ ಗದ್ದೆಯಲ್ಲಿ ಬಗ್ಗಿ ಬಗ್ಗಿ ಅವಳಜ್ಜಿಗೆ ಅರವತ್ತಕ್ಕೆ ಬಂದ ನೋವು ಈ ಮಗುವಿಗೆ ಕೂತಲ್ಲೇ ಬಂದಿತ್ತು. ನಾನು ನೌಕರಿಯ ಬದುಕನ್ನೆಲ್ಲ ಕಡತಗಳ ಮುಂದೆ ಕೂತು ಕಳೆದವನು. ಹಾಗಾಗಿ ಈ ಮಾತನ್ನು ಹೇಳದೆ ಇರಲಾರೆ.

ಮೊದಲು ಕೂರುವುದರಲ್ಲಿ ಏನಾಗುತ್ತದೆ ಎಂದು ತಿಳಿಯಿರಿ. ನಿಂತಾಗ ಸೊಂಟದ ಹತ್ತಿರ ಬೆನ್ನುಮೂಳೆಯ ಕಂಬ ಸ್ವಲ್ಪ ಒಳಕ್ಕೆ ಬಾಗಿರುತ್ತದೆ. ಕೂತ ತಕ್ಷಣ ಸೊಂಟದ ಮೂಳೆ ಹಿಂದಕ್ಕೆ ಹೊರಳಿ ಆ ಬಾಗು ಮಟ್ಟಸವಾಗುತ್ತದೆ. ಮುಂದಕ್ಕೆ ಜೋತು ಕೂತರೆ ಹೊರಕ್ಕೇ ಉಬ್ಬುತ್ತದೆ. ಆಗ ಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಗಳ ಮೇಲೆ ಭಾರ ಒಂದೇ ಕಡೆ ಬೀಳುತ್ತದೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಬೆನ್ನಿನ ಬಿಲ್ಲೆಗೇ ಸೂಜಿ ಇಳಿಸಿ ಒತ್ತಡ ಅಳೆದರು. ಆಸರೆಯಿಲ್ಲದೆ ಕೂತಾಗ ನಿಂತಾಗಿನದಕ್ಕಿಂತ ಒತ್ತಡ ಹೆಚ್ಚೆಂದು ಅವರಿಗೆ ಕಂಡಿತು. ಬೆನ್ನು ತುಸು ಹಿಂದಕ್ಕೆ ಒರಗಿ, ಸೊಂಟಕ್ಕೆ ಆಸರೆ ಸಿಕ್ಕರೆ ಅದು ಇಳಿಯುತ್ತದೆ ಎಂದೂ ಆಮೇಲಿನ ಅಳತೆಗಳು ತೋರಿಸಿದವು. ಒಳ್ಳೆಯ ಕುರ್ಚಿಯ ಕೆಲಸ ಇಷ್ಟೇ: ಆ ಒಳಬಾಗನ್ನು ಕಾಯುವುದು, ನಿಮ್ಮ ಭಾರವನ್ನು ಹಂಚಿಕೊಳ್ಳುವುದು.

ನಮ್ಮ ಸೀಮೆಯವರಿಗೆ ಈ ತಿಳಿವಳಿಕೆ ಹೊಸದಲ್ಲ. ಹೊಯ್ಸಳರ ಕಾಲದ ದೇವಾಲಯಗಳ ತೆರೆದ ಮಂಟಪಗಳಲ್ಲಿ ಅಂಚಿನುದ್ದಕ್ಕೂ ಕಲ್ಲಿನ ಕಕ್ಷಾಸನಗಳಿವೆ, ಅಂದರೆ ಒರಗಿ ಕೂರುವ ಪೀಠಗಳು. ಅರಸೀಕೆರೆಯ ಶಿವಾಲಯದ ನಕ್ಷತ್ರಾಕಾರದ ಮುಂಮಂಟಪಕ್ಕೆ ಹೋಗಿ ನೋಡಿ. 1220ರ ಸುಮಾರಿನ ಕಟ್ಟಡ, ಸುತ್ತಲೂ ಕೂರಲು ಕಲ್ಲಿನ ಜಗುಲಿ. ಕಕ್ಷಾಸನದ ಒರಗು ಎಷ್ಟೋ ಕಡೆ ಗೋಡೆಯಂತೆ ನೆಟ್ಟಗಿರದೆ ಹೊರಕ್ಕೆ ತುಸು ವಾಲಿರುತ್ತದೆ. ಕಲ್ಲು ಕಡೆಯುವವನಿಗೆ ನೆಟ್ಟಗೆ ನಿಲ್ಲಿಸುವುದೇ ಸುಲಭವಿತ್ತು. ಅಷ್ಟು ಶ್ರಮಪಟ್ಟು ವಾಲಿಸಿದ್ದು ಕೂರುವವನ ಬೆನ್ನಿಗಾಗಿ ಎಂದೇ ನನ್ನ ನಂಬಿಕೆ. ಈಗಿನ ತಿಳಿವಳಿಕೆಯೂ ಅದನ್ನೇ ಹೇಳುತ್ತದೆ: ಕೂರುವ ಹಲಗೆಗೂ ಒರಗಿಗೂ ನಡುವಿನ ಕೋನ 90 ಡಿಗ್ರಿಗಿಂತ 100ರಿಂದ 110 ಇದ್ದರೆ ಹಿತ. ಇನ್ನು ಹೆಗಲಿನ ಪಾಠಕ್ಕೆ ನಮ್ಮೂರು ಬಸ್ತಿಹಳ್ಳಿಗೆ ಬನ್ನಿ. ಇಲ್ಲಿನ ಪಾರ್ಶ್ವನಾಥ ಬಸದಿಯನ್ನು ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ್ದು 1133ರಲ್ಲಿ. ಕನ್ನಡಿಯಂಥ ಕಂಬಗಳನ್ನು ನೋಡಲು ಎಲ್ಲರೂ ಬರುತ್ತಾರೆ. ನೀವು ಒಳಗೆ ನಿಂತ ಸ್ವಾಮಿಯನ್ನೂ ನೋಡಿ. ಹೆಗಲು ಇಳಿಬಿಟ್ಟು, ತೋಳು ಸಡಿಲಬಿಟ್ಟು ನಿಂತ ಕಾಯೋತ್ಸರ್ಗ ಭಂಗಿ. ಕುರ್ಚಿಯಲ್ಲಿ ಕೂತಾಗಲೂ ನಿಮ್ಮ ಹೆಗಲು ಹಾಗೆಯೇ ಇಳಿದಿರಬೇಕು.

ಈಗ ಕೊಳ್ಳುವ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಕುರ್ಚಿಯ ಹತ್ತಿರ ನಡೆಯುವುದಿಲ್ಲ. ಇಲ್ಲಿ ಕಾಲಿದ್ದಷ್ಟೇ ಕುರ್ಚಿ. ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತು, ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಟೇಪಿನಲ್ಲಿ ಅಳೆಸಿಕೊಳ್ಳಿ. ನಿಮ್ಮ ಕುರ್ಚಿಯ ಎತ್ತರ ಅದೇ. ಐದಡಿಯ ಹೆಣ್ಣುಮಗಳಿಗೆ ಈ ಅಳತೆ ಸುಮಾರು 15 ಇಂಚು ಬರುತ್ತದೆ. ಅಂಗಡಿಯ ಎಷ್ಟೋ ಕುರ್ಚಿಗಳು ಪೂರ್ತಿ ಇಳಿಸಿದರೂ 17 ಇಂಚಿಗಿಂತ ಕೆಳಗೆ ಬರುವುದಿಲ್ಲ. ಪಾದ ನೆಲಕ್ಕೆ ಊರದೆ ತೂಗಾಡಿದರೆ ಕುರ್ಚಿಯ ಅಂಚು ತೊಡೆಯ ಅಡಿಯನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಇನ್ನೊಂದು ಗಮನಿಸಿ: ಕಚೇರಿಯಲ್ಲಿ ನಿಮ್ಮ ಕಾಲಲ್ಲಿ ಬೂಟು, ಮನೆಯಲ್ಲಿ ಬರಿಗಾಲು. ಈ ಒಂದಿಂಚಿನ ವ್ಯತ್ಯಾಸಕ್ಕೆ ಮನೆಯ ಕುರ್ಚಿಯನ್ನು ಇಳಿಸಲೇಬೇಕು.

ಆದರೆ ಮೇಜು ಸುಮ್ಮನಿರುವುದಿಲ್ಲ. ಸಾಮಾನ್ಯ ಮೇಜು 29–30 ಇಂಚು. ಕಾಲಿಗೆ ತಕ್ಕಂತೆ ಕುರ್ಚಿ ಇಳಿಸಿದರೆ ಕುಳ್ಳಗಿರುವವರಿಗೆ ಮೇಜು ಎದೆಗೇ ಬರುತ್ತದೆ. ಟೈಪು ಮಾಡುವಾಗ ಹೆಗಲು ಕಿವಿಗೆ ಏರುತ್ತದೆ. ಆಗ ಕುರ್ಚಿಯನ್ನು ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಏರಿಸಿ, ಕಾಲಡಿಗೆ ಆಸರೆ ಕೊಡಿ. ಊರಿನ ಬಡಗಿಯ ಹತ್ತಿರ ಇಳಿಜಾರಿನ ಒಂದು ಕಾಲ್ಮಣೆ ಮಾಡಿಸಿ. ದುಬಾರಿ ಕುರ್ಚಿ ಕೊಡದ ಸುಖವನ್ನು ಆ ಹಲಗೆ ಕೊಡುತ್ತದೆ. ಮೇಜು ಕುಯ್ದು ಇಳಿಸಲು ಒಪ್ಪುವ ಮನೆಯಾದರೆ ಇನ್ನೂ ಒಳ್ಳೆಯದು.

ಕುರ್ಚಿಯ ಆಳವನ್ನು ಯಾರೂ ನೋಡುವುದಿಲ್ಲ, ಕೆಡುವುದು ಅಲ್ಲೇ. ಬೆನ್ನು ಪೂರ್ತಿ ಒರಗಿಗೆ ತಾಗಿಸಿ ಕೂತಾಗ ಕುರ್ಚಿಯ ಮುಂದಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಹೋಗದಿದ್ದರೆ ನೀವಾಗಿಯೇ ಮುಂದಕ್ಕೆ ಜರುಗುತ್ತೀರಿ, ಒರಗು ಹಿಂದೆಯೇ ಉಳಿಯುತ್ತದೆ, ಅದಕ್ಕೆ ಕೊಟ್ಟ ದುಡ್ಡು ನೀರಲ್ಲಿ ಹೋಮ. ಕೂರುವ ಹಲಗೆಯನ್ನು ಹಿಂದೆ ಮುಂದೆ ಸರಿಸಬಹುದಾದ ಕುರ್ಚಿ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತನ್ನಿ. ಮುಂದಿನ ಅಂಚು ಕೆಳಕ್ಕೆ ಬಾಗಿ ಇಳಿದಿರಲಿ. ಒರಗಿನಲ್ಲಿ ಸೊಂಟಕ್ಕೆ ಆಸರೆಯಾಗುವ ಉಬ್ಬು ನಿಮ್ಮ ಬೆಲ್ಟಿನ ಜಾಗಕ್ಕೆ, ಇಲ್ಲವೇ ಅದರ ಸ್ವಲ್ಪ ಮೇಲಕ್ಕೆ ಸೇರಬೇಕು. ಏರಿಸಿ ಇಳಿಸಲು ಬಾರದ ಉಬ್ಬು ಒಬ್ಬರಿಗೆ ಹಿತವಾದರೆ ಇನ್ನೊಬ್ಬರಿಗೆ ಪಕ್ಕೆಲುಬಿಗೆ ತಿವಿಯುತ್ತದೆ. ಕೈಯಾಸರೆ ಎತ್ತರ ಬದಲಿಸುವಂತಿರಲಿ, ಇಲ್ಲವೇ ಇಲ್ಲದಿರಲಿ. ಮೇಜಿಗೆ ತಗುಲಿ ನಿಮ್ಮನ್ನು ದೂರ ಕೂರಿಸುವ ಕೈಯಾಸರೆಯಿಂದ ಲಾಭವಿಲ್ಲ.

ಮೆತ್ತೆ ಒತ್ತಿ ನೋಡಿ ಮರುಳಾಗಬೇಡಿ. ಅಂಗಡಿಯಲ್ಲಿ ಐದು ನಿಮಿಷಕ್ಕೆ ತೀರಾ ಮೆದುವಾಗಿ ಕಂಡದ್ದು ತಿಂಗಳು ಕಳೆಯುವುದರೊಳಗೆ ಚಪ್ಪಟೆಯಾಗಿ ಅಡಿಯ ಹಲಗೆ ತಾಗುತ್ತದೆ. ಹಳೆಯ ಸರ್ಕಾರಿ ಕಚೇರಿಗಳ ಬೆತ್ತ ಹೆಣೆದ ಕುರ್ಚಿಗಳನ್ನು ನೆನೆಯುತ್ತೇನೆ. ಆ ಬೆತ್ತವನ್ನು ಎಷ್ಟೋ ಕಡೆ ಕಣ್ಣು ಕಾಣದವರು ಬೆರಳ ತುದಿಯ ಲೆಕ್ಕದಲ್ಲಿ ಹೆಣೆಯುತ್ತಿದ್ದರು. ಬಿಗಿಯಿದ್ದೂ ಬಾಗುತ್ತಿತ್ತು, ಬೆವರು ನಿಲ್ಲುತ್ತಿರಲಿಲ್ಲ. ಇಂದಿನ ಜಾಲರಿ ಕುರ್ಚಿಗಳು ಆ ಗುಣವನ್ನೇ ಹಿಡಿದಿವೆ. 1994ರಲ್ಲಿ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಗೆ ರೂಪಿಸಿಕೊಟ್ಟ ಏರಾನ್ ಕುರ್ಚಿ ಸ್ಪಂಜು ಬಿಟ್ಟು ಜಾಲರಿಯಲ್ಲೇ ಕೂರಿಸಿತು, ಅದನ್ನು ಮೂರು ಅಳತೆಗಳಲ್ಲಿ ಮಾಡಿದರು. ಜಾಲರಿಯ ರೂಪವನ್ನು ಎಲ್ಲರೂ ನಕಲು ಮಾಡಿದರು. ಮೈಗೆ ತಕ್ಕ ಅಳತೆಯೆಂಬ ಅದರ ನಿಜವಾದ ಬುದ್ಧಿಯನ್ನು ಕೈಬಿಟ್ಟವರೇ ಹೆಚ್ಚು. ಅರಸೀಕೆರೆಯ ಬಿಸಿಲಿಗೆ ಬೆನ್ನಿಗಂತೂ ಜಾಲರಿ ಒಳ್ಳೆಯದು.

ಗಟ್ಟಿತನಕ್ಕೆ ಅಡಿಭಾಗ ನೋಡಿ. ಐದು ಕೊಂಬಿನ ಪಾದ ಇರಲೇಬೇಕು. ನಾಲ್ಕು ಕೊಂಬಿನದ್ದು ಹಿಂದೆ ವಾಲಿದಾಗ ಬೇಗ ಮಗುಚಬಹುದು. ಗಾರೆ ನೆಲ, ಟೈಲ್ಸು ಇರುವ ಮನೆಗೆ ಮೆದು ರಬ್ಬರಿನಂಥ ಚಕ್ರ ಕೇಳಿ. ಗಟ್ಟಿ ನೈಲಾನ್ ಚಕ್ರ ಜಾರುತ್ತದೆ, ನೆಲವನ್ನೂ ಗೀಚುತ್ತದೆ. ಕಚೇರಿ ಕುರ್ಚಿಗಳನ್ನು ಪರೀಕ್ಷಿಸಲು ಬಿಫ್ಮಾ ಎಂಬ ಅಮೆರಿಕದ ಪೀಠೋಪಕರಣ ತಯಾರಕರ ಸಂಘದ ಮಾನದಂಡವಿದೆ. ಬರೀ ಅಂಟಿಸಿದ ಚೀಟಿಯನ್ನು ನಂಬದೆ, ಪರೀಕ್ಷೆಯ ಪತ್ರ ಕೇಳಿ, ವಾರಂಟಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ದುಡ್ಡಿನ ಚಿಂತೆಯಿರುವವರಿಗೆ ಒಂದು ದಾರಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಕಂಪನಿಗಳು ಕಚೇರಿ ಬದಲಿಸುವಾಗ ಒಳ್ಳೆಯ ಕುರ್ಚಿಗಳು ಹಳೆಯ ಸಾಮಾನಿನ ಅಂಗಡಿಗೆ ಬರುತ್ತವೆ. ರೇಸಿನ ಕಾರಿನ ಸೀಟಿನಂತೆ ಕೆಂಪು ಕಪ್ಪು ಪಟ್ಟೆ ಹೊಡೆದ ಅಗ್ಗದ ಹೊಸ ಕುರ್ಚಿಗಿಂತ, ಬಳಸಿದ್ದಾದರೂ ಗಟ್ಟಿ ಕುರ್ಚಿ ಮೇಲು. ಪೂರ್ತಿ ಏರಿಸಿ ಕೂತು ಹತ್ತು ನಿಮಿಷ ಬಿಡಿ. ತಾನಾಗಿ ಇಳಿಯುತ್ತಿದ್ದರೆ ಒಳಗಿನ ಗ್ಯಾಸಿನ ಕೊಳವೆ ಹೋಗಿದೆ ಎಂದರ್ಥ, ಅದನ್ನು ಬದಲಿಸಿಕೊಡುವಂತೆ ಕೇಳಿ. ಹೊಸದಾಗಲಿ ಹಳೆಯದಾಗಲಿ ಹಾಸನದಲ್ಲೋ ಬೆಂಗಳೂರಿನಲ್ಲೋ ಅಂಗಡಿಯಲ್ಲೇ ಅರ್ಧ ಗಂಟೆ ಕೂತು ನೋಡಿ. ಸಂಕೋಚ ಬೇಡ. ಜೊತೆಗೆ ಬಂದವರಿಗೆ ಪಕ್ಕದಿಂದ ಒಂದು ಫೋಟೋ ತೆಗೆಯಲು ಹೇಳಿ. ಕಿವಿ, ಹೆಗಲು, ಸೊಂಟ ಒಂದೇ ಗೆರೆಯಲ್ಲಿ ಬಂದಿವೆಯೇ ಎಂಬುದು ಅದರಲ್ಲಿ ಕಾಣುತ್ತದೆ.

ಎಂಥ ಕುರ್ಚಿಯಾದರೂ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಬೆನ್ನಿನ ಬಿಲ್ಲೆಗಳಿಗೆ ಹೆಚ್ಚಿನಂಶ ನೇರ ರಕ್ತನಾಳವಿಲ್ಲ. ಮೈ ಅಲುಗಿದಾಗಲೇ ಅವಕ್ಕೆ ಆಹಾರ ಚೆನ್ನಾಗಿ ಸೇರುತ್ತದೆ. ಲ್ಯಾಪ್‌ಟಾಪನ್ನು ನಾಲ್ಕು ಪುಸ್ತಕದ ಮೇಲಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಬೋರ್ಡು ಜೋಡಿಸಿಕೊಳ್ಳಿ. ಕುತ್ತಿಗೆ ಬಗ್ಗಿದ ಮೇಲೆ ಸೊಂಟಕ್ಕೆ ಎಷ್ಟು ಆಸರೆ ಕೊಟ್ಟರೂ ಫಲವಿಲ್ಲ.

ಇಷ್ಟಾದ ಮೇಲೂ ನೋವು ಸೊಂಟದಿಂದ ತೊಡೆಗೆ, ತೊಡೆಯಿಂದ ಪಾದಕ್ಕೆ ಇಳಿಯತೊಡಗಿದರೆ, ಕಾಲು ಜೋಮು ಹಿಡಿದು ಬಲಗುಂದಿದರೆ, ಇನ್ನೊಂದು ಕುರ್ಚಿ ಹುಡುಕುತ್ತ ಕೂರಬೇಡಿ. ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿದ್ದಾರೆ. ಅದೇ ವಾರ ಹೋಗಿ ತೋರಿಸಿ.