ಜೇಬಿನ ಚಾಕುವಿಗೆ ಲೈಸೆನ್ಸ್ ಬೇಕೆ?

ಪೀಣ್ಯದ ಯಾವುದಾದರೂ ಸಣ್ಣ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿಯ ಅಡಿಗೆ ಚಾಕುವಿನ ಮೊನೆ ತೂರಿಸಿ, ಅಲಗನ್ನು ಹೊರಮುಖಕ್ಕೆ ತಿರುಗಿಸಿ ಒಂದೇ ಎಳೆತಕ್ಕೆ ಕತ್ತರಿಸುತ್ತಾರೆ. ಆಮೇಲೆ ಹೆಬ್ಬೆರಳಿನಿಂದ ಲಾಕ್ ಸರಿಸಿ, ಮಡಚಿ, ಜೇಬಿಗೆ ಇಳಿಸುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಸರ್ವರ್ ರೂಮುಗಳಲ್ಲಿ ಕೇಬಲ್ ಟೈ ಕತ್ತರಿಸುವವರಿಗೂ ವೈಟ್‌ಫೀಲ್ಡ್ ಕಡೆಯ ಗೋದಾಮುಗಳಲ್ಲಿ ಪಾರ್ಸೆಲ್ ಬಿಚ್ಚುವವರಿಗೂ ಇದು ನಿತ್ಯದ ಸಾಧನ. ಒಳ್ಳೆಯ ಉಕ್ಕಿನ ಮಡಚುವ ಚಾಕುವಿಗೆ ಸಾವಿರಗಟ್ಟಲೆ ಸುರಿದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಶೋಕಿಯ ಟೆಕ್ಕಿಗಳೂ ಇದ್ದಾರೆ. ಫ್ಯಾಕ್ಟರಿಯೊಳಗೆ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಪಾಳಿ ಮುಗಿಸಿ ಅದೇ ಚಾಕುವಿನೊಂದಿಗೆ ರಸ್ತೆಗೆ ಬಂದಾಗ ಪ್ರಶ್ನೆ ಹುಟ್ಟುತ್ತದೆ.

‘ಎಷ್ಟು ಇಂಚಿನವರೆಗೆ ಇಟ್ಟುಕೊಳ್ಳಬಹುದು?’ ಎಂದೇ ಎಲ್ಲರೂ ಕೇಳುವುದು. ಉತ್ತರ ಇದೆ, ಆದರೆ ಅರ್ಧ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರಚಿಸಿದ 2016ರ ನಿಯಮಗಳ ಮೊದಲನೇ ಅನುಸೂಚಿಯಲ್ಲಿ ಐದನೇ ವರ್ಗ ಎಂಬುದೊಂದಿದೆ. ಖಡ್ಗ, ಬಾಕು, ಈಟಿಗಳ ಜೊತೆಗೆ 9 ಇಂಚಿಗಿಂತ ಉದ್ದದ ಇಲ್ಲವೇ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳು ಆ ಪಟ್ಟಿಯಲ್ಲಿವೆ. ಗೃಹ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕೆ ತಯಾರಾದವು ಇದರಿಂದ ಹೊರಗೆ. ಜೇಬಿನಲ್ಲಿ ಹಿಡಿಸುವ ಮೂರು-ಮೂರೂವರೆ ಇಂಚಿನ ಅಲಗು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಸಾಧಾರಣ ಮಡಚುವ ಚಾಕುವಿಗೆ ಲೈಸೆನ್ಸ್ ಬೇಕಿಲ್ಲ.

ಇಂಟರ್ನೆಟ್‌ನಲ್ಲಿ ಹುಡುಕಿದರೆ 7.62 ಸೆಂಟಿಮೀಟರ್ ಎಂಬ ಇನ್ನೊಂದು ಲೆಕ್ಕ ಸಿಕ್ಕೀತು. ಅದು ಬಟನ್ ಒತ್ತಿದರೆ ಅಥವಾ ಸ್ಪ್ರಿಂಗ್‌ನಿಂದ ತೆರೆದುಕೊಳ್ಳುವ ಚಾಕುಗಳ ಬಗ್ಗೆ 1980ರಲ್ಲಿ ದೆಹಲಿಗೆ ಹೊರಡಿಸಿದ ಅಧಿಸೂಚನೆಯದು, ಬೆಂಗಳೂರಿನ ಅಳತೆಗೋಲಲ್ಲ. ಹಾಗಿದ್ದರೂ ಬಟನ್ ಚಾಕುವಿನ ಸಹವಾಸ ಬೇಡ ಎಂಬುದೇ ನನ್ನ ಸಲಹೆ. ಟೇಪ್ ಕತ್ತರಿಸಲು ಸ್ಪ್ರಿಂಗ್ ಯಾಕೆ ಬೇಕು ಎಂದು ಠಾಣೆಯಲ್ಲಿ ಕೇಳಿದರೆ ಸಮಜಾಯಿಷಿ ಕೊಡುವುದು ಕಷ್ಟ.

ಉಳಿದರ್ಧ ಉತ್ತರ ಕಾಯ್ದೆಯ ವ್ಯಾಖ್ಯಾನದಲ್ಲಿದೆ. ಶಸ್ತ್ರಾಸ್ತ್ರ ಎಂದರೆ ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ಆಯುಧವಾಗಿ ರೂಪಿಸಿದ ಅಥವಾ ಮಾರ್ಪಡಿಸಿದ ವಸ್ತು. ಕೇವಲ ಮನೆ ಅಥವಾ ಬೇಸಾಯದ ಬಳಕೆಗೆ ಮಾಡಿದ ವಸ್ತುಗಳು ಇದರಲ್ಲಿ ಸೇರುವುದಿಲ್ಲ. ‘ರಕ್ಷಣೆಗಾಗಲಿ’ ಎಂಬುದನ್ನು ಜನ ಗಮನಿಸುವುದೇ ಇಲ್ಲ. ರಾತ್ರಿ ಪಾಳಿ ಮುಗಿಸಿ ಬರುವಾಗ ಪೊಲೀಸರು ತಡೆದು ‘ಇದು ಯಾಕಿಟ್ಟುಕೊಂಡಿದ್ದೀಯ?’ ಎಂದರೆ, ‘ಸೇಫ್ಟಿಗೆ ಸಾರ್’ ಎನ್ನುವ ಉತ್ತರ ಎಷ್ಟೋ ಜನರ ನಾಲಿಗೆ ತುದಿಯಲ್ಲೇ ಇರುತ್ತದೆ. ಕೆಲಸದ ಸಾಧನವನ್ನು ನಾವೇ ಆಯುಧ ಎಂದು ಒಪ್ಪಿಕೊಂಡಂತಾಯಿತು. ಇದಕ್ಕೆ ಸುಳ್ಳು ಹೇಳುವುದು ಪರಿಹಾರವಲ್ಲ. ನಿಜವಾಗಿ ಕೆಲಸಕ್ಕೆ ಬೇಕಿದ್ದರೆ ಚಾಕುವನ್ನು ಟೂಲ್ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್, ಟೇಪುಗಳ ಜೊತೆ ಇಡಿ, ಫ್ಯಾಕ್ಟರಿಯ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಭಯಕ್ಕೆಂದೇ ಇಟ್ಟುಕೊಂಡಿದ್ದರೆ ಮನೆಯಲ್ಲಿ ಬಿಟ್ಟು ಬನ್ನಿ, 112 ನಿಮ್ಮ ಫೋನಿನಲ್ಲಿರಲಿ.

ರಾಜ್ಯದ ಕಾನೂನೂ ಇದೇ ದಾರಿಯಲ್ಲಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 96ನೇ ಕಲಂ ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಹೊತ್ತಿಗೆ ಸಂಬಂಧಿಸಿದ್ದು. ಅಪರಾಧ ಎಸಗುವ ಉದ್ದೇಶದಿಂದ ಅಪಾಯಕಾರಿ ಸಲಕರಣೆ ಹಿಡಿದು ತಿರುಗುವವರಿಗೆ ಅಲ್ಲಿ ಶಿಕ್ಷೆಯಿದೆ. 97ನೇ ಕಲಂ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಆಯುಧಪಾಣಿಯಾಗಿ ಓಡಾಡುವುದರ ಬಗ್ಗೆ. 96ರಲ್ಲಿ ‘ಉದ್ದೇಶ’ವನ್ನು ತೋರಿಸಬೇಕಾದವರು ಪೊಲೀಸರು. ಆದರೆ ರಾತ್ರಿ ಒಂದು ಗಂಟೆಗೆ ಬಾರ್ ಮುಂದೆ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ನಿಂತವನು ಅವರ ಕೆಲಸವನ್ನು ಅರ್ಧ ತಾನೇ ಮಾಡಿಕೊಟ್ಟಿರುತ್ತಾನೆ.

ಚುನಾವಣೆ, ಗಣೇಶ ಮೆರವಣಿಗೆ, ಗಲಭೆಯ ಸಮಯದಲ್ಲಿ ಲೆಕ್ಕ ಬದಲಾಗುತ್ತದೆ. ಪೊಲೀಸ್ ಕಮಿಷನರ್ ಅವರು ಪೊಲೀಸ್ ಕಾಯ್ದೆಯ 35ನೇ ಕಲಂ ಅಡಿ, ಇಲ್ಲವೇ ನಾವು 144 ಎಂದೇ ಕರೆದು ರೂಢಿಯಾದ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿರುವ ಅಧಿಕಾರದಡಿ ನಿಷೇಧಾಜ್ಞೆ ಹೊರಡಿಸಬಹುದು. ಆ ಆದೇಶದಲ್ಲಿ ಚಾಕು, ದೊಣ್ಣೆಗಳ ಹೆಸರಿದ್ದರೆ ಆ ದಿನಗಳಲ್ಲಿ ಇಂಚಿನ ವಾದ ನಡೆಯುವುದಿಲ್ಲ.

ಮೆಟ್ರೊ ಬಂದ ಮೇಲೆ ಈ ಮೂರೂ ಪ್ರದೇಶದವರಿಗೆ ಇನ್ನೊಂದು ತೊಡಕು. ಪೀಣ್ಯಕ್ಕೆ ಹಸಿರು ಮಾರ್ಗ 2014ರಲ್ಲಿ ಬಂತು, ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ. ರಸ್ತೆಯಲ್ಲಿ ತಪ್ಪಲ್ಲದ ಚಾಕು ನಿಲ್ದಾಣದ ಎಕ್ಸ್‌ರೇ ಯಂತ್ರದ ಮುಂದೆ ನಿಷೇಧಿತ ವಸ್ತು. ಅಲ್ಲಿ ವಾದಕ್ಕಿಳಿದು ಪ್ರಯೋಜನವಿಲ್ಲ, ಚಾಕುವನ್ನು ಕೆಲಸದ ಜಾಗದ ಲಾಕರಿನಲ್ಲೇ ಬಿಟ್ಟು ಬನ್ನಿ. ವಿಮಾನದಲ್ಲಾದರೆ ಚೆಕ್-ಇನ್ ಬ್ಯಾಗಿಗೆ ಮಾತ್ರ. ಟೆಕ್ ಪಾರ್ಕಿನ ಗೇಟಿನಲ್ಲಿರುವ ಖಾಸಗಿ ಸೆಕ್ಯುರಿಟಿಯವರು ಪೊಲೀಸರಲ್ಲ, ಬಲವಂತವಾಗಿ ಜೇಬಿಗೆ ಕೈಹಾಕುವ ಅಧಿಕಾರ ಅವರಿಗಿಲ್ಲ. ಆದರೆ ಒಳಗೆ ಬಿಡದಿರಬಹುದು. ಕಂಪನಿಯ ನಿಯಮದಲ್ಲಿ ಚಾಕು ನಿಷಿದ್ಧವಾಗಿದ್ದರೆ ಕಾನೂನಿನಲ್ಲಿ ಗೆದ್ದೂ ಕೆಲಸ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು.

ಚಾಕು ಜೇಬಿನಿಂದ ಹೊರಬಂದಾಗ ಏನಾಗುತ್ತದೆ ಎಂಬುದೇ ಎಲ್ಲಕ್ಕಿಂತ ಗಂಭೀರ. ಪಾರ್ಕಿಂಗ್ ಜಗಳದಲ್ಲಿ ಕೈಯಿಂದ ಹೊಡೆದು ಸಣ್ಣ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 115(2)ರಡಿ ಗರಿಷ್ಠ ಒಂದು ವರ್ಷ ಸೆರೆ. ಅಷ್ಟೇ ಗಾಯ ಚಾಕುವಿನಿಂದಾದರೆ 118(1)ರಡಿ ಮೂರು ವರ್ಷದವರೆಗೆ, ಜೊತೆಗೆ ವಾರಂಟ್ ಇಲ್ಲದೆ ಬಂಧನ. ಆತ್ಮರಕ್ಷಣೆಯ ಹಕ್ಕು ಸಂಹಿತೆಯಲ್ಲೇ ಇದೆ, ನಿಜ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಬರಿಗೈಯವನ ಮುಂದೆ ಅಲಗು ಬಿಚ್ಚಿದವನು ಅದು ಅಗತ್ಯವೇ ಇತ್ತೆಂದು ನ್ಯಾಯಾಲಯಕ್ಕೆ ಮನದಟ್ಟು ಮಾಡಬೇಕಾಗುತ್ತದೆ.

ನಾಕಾಬಂದಿಯಲ್ಲಿ ತಡೆದರೆ ಮೊದಲು ಗಾಡಿ ನಿಲ್ಲಿಸಿ. ಚಾಕು ಇದೆಯೆಂದು ಬಾಯಲ್ಲಿ ಹೇಳಿ, ತೋರಿಸುವ ಆತುರದಲ್ಲಿ ಜೇಬಿಗೆ ಕೈ ಹಾಕಬೇಡಿ. ಹೆಸರು, ವಿಳಾಸ, ಕೆಲಸ ಹೇಳಿ. ಚಾಕು ಜಪ್ತಿ ಮಾಡಿದರೆ ಪಂಚನಾಮೆ ಕೇಳಿ. ಅದರಲ್ಲಿ ಅಲಗಿನ ಉದ್ದ, ಅಗಲ, ಬ್ರ್ಯಾಂಡ್ ಸರಿಯಾಗಿ ನಮೂದಾಗಿದೆಯೇ ಎಂದು ಸಹಿಗೆ ಮುಂಚೆ ಓದಿ. ‘ಹರಿತವಾದ ಮಾರಕಾಸ್ತ್ರ’ ಎಂದಷ್ಟೇ ಬರೆದ ಒಂದು ಸಾಲು ಮುಂದೆ ವರ್ಷಗಟ್ಟಲೆ ಕಾಡುತ್ತದೆ. ಶೋಧ, ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ, ಅದನ್ನು ವಿನಯದಿಂದಲೇ ನೆನಪಿಸಬಹುದು.

ಬಂಧಿಸಿದರೆ ಕಾರಣ ತಿಳಿಸಲೇಬೇಕು. ಆ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಪೀಣ್ಯದಲ್ಲಿ ದುಡಿಯುವ ಒಡಿಶಾ, ಬಿಹಾರದ ಹುಡುಗರಿಗೆ ಇದು ದೊಡ್ಡ ಆಸರೆ. ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು, ವಿಚಾರಣೆಯ ವೇಳೆ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನವೇ ಬೇಕೆಂದಿಲ್ಲ, ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ನೋಟಿಸ್ ಕೊಟ್ಟು ಕರೆಸಬಹುದು. ಆ ನೋಟಿಸ್ ಬಂದರೆ ನಿರ್ಲಕ್ಷಿಸದೆ ಹಾಜರಾಗಿ. ಜಪ್ತಿಯಾದ ಚಾಕುವನ್ನು ಮರಳಿ ಪಡೆಯಲು ಠಾಣೆಗೆ ಅಲೆಯುವುದಕ್ಕಿಂತ ಅದೇ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುವುದು ಸರಿಯಾದ ದಾರಿ. ಖರೀದಿಯ ಬಿಲ್ ಇದ್ದರೆ ಅರ್ಜಿಗೆ ಲಗತ್ತಿಸಿ.

ವಕೀಲರ ಫೀಸು ಯಾರು ಕೊಡುತ್ತಾರೆ ಎಂಬ ಚಿಂತೆಯಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ನೋಡಿ. ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಸ್ಟಡಿಯಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ ಸಂಖ್ಯೆ 15100.