ಮುತ್ತಿಗೆಯ ನಡುವೆ ಕೊಂಡ ಹೊಲ

ಯೆರೆಮೀಯನ ಪುಸ್ತಕ, 32ನೇ ಅಧ್ಯಾಯ ತೆಗೆಯಿರಿ.

ಚಿದ್ಕೀಯ ಅರಸನ ಆಳ್ವಿಕೆಯ 10ನೇ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪಟ್ಟಣ ಶತ್ರುಗಳ ಪಾಲಾಗುತ್ತದೆ ಎಂದು ಸಾರಿದ್ದಕ್ಕೆ ಪ್ರವಾದಿ ಯೆರೆಮೀಯ ಕಾವಲಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರೋ ನನ್ನ ಹೊಲ ತಗೋ ಅಂತಾನೆ. ನಮ್ಮ ಬೆಂಗಳೂರಲ್ಲಿ ಕೋರ್ಟ್ ಕೇಸ್ ಇರೋ ಸೈಟ್ ಅಂದ್ರೇನೇ ಜನ ಹಿಂದೆ ಸರೀತಾರೆ. ಶತ್ರು ಸೈನ್ಯ ತುಳೀತಿರೋ ನೆಲ ಯಾರಿಗೆ ಬೇಕು?

ಆದರೆ ಯೆರೆಮೀಯ ಕೊಂಡುಕೊಂಡ. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ, ಸಾಕ್ಷಿಗಳ ಮುಂದೆ ಸಹಿ ಹಾಕಿದ. ಕ್ರಯಪತ್ರಗಳು ಬಹುಕಾಲ ಉಳಿಯಲಿ ಅಂತ ಮಣ್ಣಿನ ಪಾತ್ರೆಯಲ್ಲಿಡಲು ಬಾರೂಕನಿಗೆ ಹೇಳಿದ. ಈ ದೇಶದಲ್ಲಿ ಜನ ಮತ್ತೆ ಮನೆ, ಹೊಲ ಕೊಳ್ಳುವ ಕಾಲ ಬರುತ್ತದೆ ಎಂದು ದೇವರು ಹೇಳಿದ್ದನು.

ಪ್ರಿಯರೇ, 16ನೇ ವಚನದಿಂದ ನಿಧಾನವಾಗಿ ಓದಿ. ಪತ್ರ ಕೊಟ್ಟ ಮೇಲೆ ಅವನು ಪ್ರಾರ್ಥಿಸುತ್ತಾನೆ. ಮೊದಲು ಸ್ತುತಿ, ಕೊನೆಗೆ ಗಲಿಬಿಲಿ: ಪಟ್ಟಣ ಬೀಳ್ತಾ ಇರುವಾಗ ನನಗೆ ಹೊಲ ಕೊಳ್ಳಲು ಹೇಳಿದೆಯಲ್ಲಾ! ಅವನಿಗೆ ಎಲ್ಲ ಅರ್ಥವಾಗಿರಲಿಲ್ಲ. ಆದರೂ ಬೆಳ್ಳಿ ತೂಗಿಬಿಟ್ಟಿದ್ದ. ಆ ಪ್ರಶ್ನೆಯನ್ನೂ ದೇವರ ಮುಂದೆಯೇ ಇಟ್ಟ.

ನನ್ನ ಸಾಕ್ಷಿ ಹೇಳ್ತೀನಿ. ಕೆಲವು ವರ್ಷಗಳ ಹಿಂದೆ, 15 ನಿಮಿಷದ ಒಂದು ವಿಡಿಯೋ ಕಾಲ್‌ನಲ್ಲಿ ನನ್ನ ಕೆಲಸ ಹೋಯ್ತು. ಇಎಂಐ ಇತ್ತು, ಅಪ್ಪನ ಔಷಧಿ ಖರ್ಚಿತ್ತು. ಸಭೆಯಲ್ಲಿ ಯಾರಾದ್ರೂ ಕೇಳಿದ್ರೆ, "ಚೆನ್ನಾಗಿದ್ದೀನಿ ಬ್ರದರ್, ದೇವರಿಗೆ ಸ್ತೋತ್ರ" ಅಂತಿದ್ದೆ. ಅದು ನಂಬಿಕೆ ಆಗಿರಲಿಲ್ಲ, ಮರ್ಯಾದೆಯ ಭಯ. ನಾಚಿಕೆಗೆ ಸಂಡೇ ಸ್ಕೂಲ್ ಕ್ಲಾಸನ್ನೂ ಬಿಡೋಣ ಅಂದುಕೊಂಡೆ. ಒಂದು ರಾತ್ರಿ ಈ ಅಧ್ಯಾಯ ಓದಿದಾಗ ಪವಿತ್ರಾತ್ಮನು ನನ್ನನ್ನು ತಡೆದನು. ಆ ಕ್ಲಾಸೇ ನನ್ನ ಹೊಲ ಅಂತ ತಿಳೀತು. ಭಾನುವಾರ ಹೋದೆ, ಎಂಟು ಮಕ್ಕಳಿಗೆ ಪಾಠ ಮಾಡಿದೆ. ಅದೇ ವಾರ ಯೌವನಸ್ಥರ ಪ್ರಾರ್ಥನೆಯಲ್ಲಿ ನಿಜ ಹೇಳಿ ಅತ್ತೆ.

ಮರುದಿನವೇ ಆಫರ್ ಬಂತಾ? ಇಲ್ಲ. ಏಳು ತಿಂಗಳು ಆಯ್ತು, ಬಂದದ್ದೂ ಕಡಿಮೆ ಸಂಬಳದ ಕೆಲಸ. ಯೆರೂಸಲೇಮ್ ಕೂಡ ಮರುವರ್ಷ ಬಿತ್ತು. ಯೆರೆಮೀಯ ಆ ಹೊಲ ಉತ್ತ ಅಂತ ಬೈಬಲ್ ಎಲ್ಲೂ ಹೇಳಲ್ಲ. ಆದರೆ ಸೆರೆಯಾಗಿ ಹೋದ ಜನರನ್ನು ದೇವರು ಹಿಂದಕ್ಕೆ ಕರೆತಂದನು. ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿ ಮರಳಿ ಬಂದವರ ಪಟ್ಟಿ ಇದೆ. ಅದರಲ್ಲಿ ಅನಾತೋತಿನವರು 128 ಮಂದಿ!

ಈ ವಾರ ನಿಮ್ಮ ಪರಿಸ್ಥಿತಿ ಬದಲಾಗುತ್ತೆ ಅಂತ ನಾನು ಮಾತು ಕೊಡಲಾರೆ. ಆದರೆ ಕರ್ತನು ಮಾಡು ಅಂದ ಒಂದು ಕೆಲಸವನ್ನು ಭಯದಿಂದ ನಿಲ್ಲಿಸಿದ್ದೀರಾ? ಅದನ್ನು ಮತ್ತೆ ಶುರು ಮಾಡಿ. ಪ್ರಶ್ನೆಗಳಿದ್ದರೆ ಪ್ರಾರ್ಥನೆಗೆ ತನ್ನಿ, ಆತನು ಬೇಸರಪಡುವುದಿಲ್ಲ. ಕಣ್ಣು ಮುಚ್ಚೋಣ, ಪ್ರಾರ್ಥಿಸೋಣ. ಆಮೆನ್.