ತುಂಬುಗಬ್ಬದ ಹಸುವಿನ ಮೇವು

ದನ ಸಾಕುವ ನಮ್ಮಲ್ಲಿ ಒಂದು ಮಾತು ಬಹುಕಾಲದಿಂದ ನಡೆದುಬಂದಿದೆ. ಅದೇನಂದರೆ, ಗಬ್ಬದ ಹಸುವಿಗೆ ಕಡೇ ತಿಂಗಳುಗಳಲ್ಲಿ ಚೆನ್ನಾಗಿ ತಿನ್ನಿಸಿದರೆ ಕರುವು ಹೊಟ್ಟೆಯಲ್ಲಿಯೇ ಬಲಿತು, ಈಯುವಾಗ ಸಿಕ್ಕಿಕೊಳ್ಳುವದು ಎಂಬುದು. ಇದರ ಸಂಗಡ, ಹಾಲು ಬತ್ತಿದ ಹಸುವಿಗೆ ಹಿಂಡಿ ಯಾಕೆ ಎಂಬ ಲೆಕ್ಕವೂ ಸೇರುತ್ತದೆ. ಹೀಗಾಗಿ ಯಲಹಂಕ, ಹೆಸರಘಟ್ಟದ ಕಡೆಯ ಕೊಟ್ಟಿಗೆಗಳಲ್ಲಿ ಕರೆಯುವ ಹಸುವಿನ ಮುಂದೆ ಬೂಸವೂ ಸೀಮೆಹುಲ್ಲೂ ಇರಲು, ಪಕ್ಕದಲ್ಲಿ ಕಟ್ಟಿದ ತುಂಬುಗಬ್ಬದ ಹಸುವಿಗೆ ಬರೀ ರಾಗಿಹುಲ್ಲು ಬೀಳುವದುಂಟು. ನಾವೂ ಒಂದು ವರ್ಷ ಹೀಗೆಯೇ ಮಾಡಿ, ಎದ್ದು ನಿಲ್ಲಲಾರದ ಕರುವನ್ನು ಗೋಣಿಯಲ್ಲಿ ಸುತ್ತಿ ರಾತ್ರಿಯೆಲ್ಲಾ ಕಾಯ್ದೆವು. ಬೆಳಗಾಗುವದರೊಳಗೆ ಅದು ಸತ್ತಿತು. ಆದಕಾರಣ ಇತರರ ತಪ್ಪನ್ನು ಎಣಿಸಲಿಕ್ಕೆ ಇದನ್ನು ಬರೆಯುವದಿಲ್ಲ.

ಹಸು ಗಬ್ಬವನ್ನು ಹೊರುವದು ಸುಮಾರು 280 ದಿನ. ಕರುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕೂಡುವದು ಕಡೇ ಮೂರು ತಿಂಗಳಲ್ಲಿಯೇ. ಆಗ ಮೇವು ಸಾಲದಿದ್ದರೆ ತಾಯಿಯು ತನ್ನ ಮೈಯ ಮಾಂಸವನ್ನೇ ಕರಗಿಸಿ ಕರುವಿಗೆ ಕೊಡುತ್ತದೆ. ಹೀಗಿರಲಾಗಿ ಉಪವಾಸದಿಂದ ಈಯುವದು ಸುಲಭವಾಗದು. ಮುಕ್ಕುವ ಬಲ ತಾಯಿಗೆ ಕುಂದುವದು, ಕರುವು ನಿತ್ರಾಣವಾಗಿ ಹುಟ್ಟುವದು, ಹಸುವು ತಿರಿಗಿ ಬೆದೆಗೆ ಬರುವದೂ ತಡವಾಗುವದು. ಕರುವಿನ ಗಾತ್ರಕ್ಕೆ ಹೆಚ್ಚಾಗಿ ಕಾರಣವು ಹೋರಿಯ ತಳಿ. ದೊಡ್ಡ ಕರುವಿನ ಭಯವುಳ್ಳವರು ಮೇವನ್ನು ಕಡಿಮೆಮಾಡದೆ, ಸೂಜಿ ಹಾಕಿಸುವ ದಿನವೇ ವಿಚಾರಿಸತಕ್ಕದ್ದು. ಚೊಚ್ಚಲು ಕಡಸಿಗೂ ಸಣ್ಣ ಮೈಯ ನಾಟಿ ಹಸುವಿಗೂ ಹೋಲ್‌ಸ್ಟೀನ್ ತಳಿ ತಕ್ಕದ್ದಲ್ಲ.

ಈಯುವದಕ್ಕೆ ಎರಡು ತಿಂಗಳ ಮುಂಚೆ ಹಾಲು ಬತ್ತಿಸಿ, ಅದೇ ದಿನ ಹಸುವಿನ ಮೈಯನ್ನು ಕೈಯಿಂದ ಮುಟ್ಟಿ ನೋಡಿರಿ. ದೂರದಿಂದಲೇ ಪಕ್ಕೆಲುಬುಗಳನ್ನು ಎಣಿಸಬಹುದಾದರೆ ಅದು ಬಡಕಲು. ಅಂಗೈಯಿಂದ ಮೆಲ್ಲಗೆ ಒತ್ತಿದಾಗ ಎಲುಬು ತಿಳಿದರೆ ಸರಿ. ಒತ್ತಿದರೂ ತಿಳಿಯದೆ, ಬಾಲದ ಬುಡದಲ್ಲಿ ಕೊಬ್ಬು ಗಡ್ಡೆಕಟ್ಟಿದ್ದರೆ ಮೀರಿತು. ಪಶುವೈದ್ಯರು ಇದಕ್ಕೆ 1ರಿಂದ 5ರ ವರೆಗೆ ಅಂಕ ಹಾಕುವರು. ಮಿಶ್ರತಳಿಯ ಹಸುವು ಈಯುವಾಗ 3ರಿಂದ 3½ ಇರುವದು ಒಳ್ಳೇದು. ಹಳ್ಳಿಕಾರ್ ಹಸುವು ಹುಟ್ಟಿನಿಂದಲೇ ತೆಳ್ಳನೆಯ ಮೈಯದು. ಅದನ್ನು ಸೀಮೆಹಸುವಿನ ಪಕ್ಕದಲ್ಲಿ ನಿಲ್ಲಿಸಿ ಬಡಕಲೆನ್ನಬಾರದು.

ರಾಗಿಹುಲ್ಲು ಭತ್ತದ ಹುಲ್ಲಿಗಿಂತ ಮೇಲಾದದ್ದೇ. ಆದರೂ ಅದು ಹೊಟ್ಟೆ ತುಂಬಿಸುವದೇ ಹೊರತು ಮಾಂಸಕಟ್ಟುವ ಸತ್ವವು ಅದರಲ್ಲಿ ಬಹು ಕೊಂಚ. ಬಡಕಲು ಹಸುವಿಗೆ ದಿನಕ್ಕೆ 1ರಿಂದ 2 ಕಿಲೋ ಬೂಸ ಮತ್ತು ಕಡಲೇಕಾಯಿ ಹಿಂಡಿಯನ್ನು ಕಲಸಿ, ಮೆಲ್ಲಮೆಲ್ಲನೆ ಹೆಚ್ಚಿಸುತ್ತಾ ಕೊಡಿರಿ. ಕೊಂಡುಕೊಳ್ಳಲು ಕೈಯಲ್ಲಿ ಹಣವಿಲ್ಲದವರು ಹುರುಳಿಹೊಟ್ಟು, ಅವರೆಕಾಯಿ ಸಿಪ್ಪೆ, ರೇಷ್ಮೆ ಸಾಕುವವರಲ್ಲಿ ಮಿಕ್ಕ ಹಿಪ್ಪುನೇರಳೆ ಇವುಗಳನ್ನು ಬಿಡಬಾರದು. ಬೂಷ್ಟು ಹಿಡಿದ ಹಿಂಡಿ ಮಾತ್ರ ಬೇಡ. ಕೊಬ್ಬಿದ ಹಸುವನ್ನು ಈ ಎರಡು ತಿಂಗಳಲ್ಲಿ ಇಳಿಸಲೂಬಾರದು, ಏರಿಸಲೂಬಾರದು; ಅಂಥದ್ದು ಈದ ಮೇಲೆ ಮೇವನ್ನು ಬಿಟ್ಟು ಸೊರಗುವದುಂಟು. ಕಡೇ ಮೂರು ವಾರಗಳಲ್ಲಿ ಕ್ಯಾಲ್ಸಿಯಂ ಟಾನಿಕ್ಕನ್ನು ವೈದ್ಯರನ್ನು ಕೇಳದೆ ಕುಡಿಸಿದರೆ, ಈದ ಹಸುವು ಬಿದ್ದು ಏಳಲಾರದ ಹಾಲುಜ್ವರಕ್ಕೆ ದಾರಿಯಾಗಬಹುದು. ಹಾಗೆ ಬಿದ್ದರೆ ಬೆಳಗಿನ ತನಕ ಕಾಯದೆ ಹತ್ತಿರದ ಪಶುವೈದ್ಯರನ್ನು ಕರಿಸಿರಿ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜು ಇರುವದು ಈ ಕಡೆಯವರಿಗೆ ದೊಡ್ಡ ಅನುಕೂಲ.

ಕರು ಬಿದ್ದ ಒಂದೆರಡು ತಾಸಿನೊಳಗೆ ಅದಕ್ಕೆ ಹೊಟ್ಟೆತುಂಬ ಗಿಣ್ಣುಹಾಲು ಸೇರಬೇಕು. ಗಿಣ್ಣು ಕಾಯಿಸುವ ಆಸೆಯುಳ್ಳ ಮನೆಯವರು ಅಷ್ಟರ ತನಕ ತಾಳಲಿ.